ಕುಲುಮೆ ಬೇಡದ ಕಲ್ಲು: ವಿಕಿರಣ ತ್ಯಾಜ್ಯಕ್ಕೆ ಫಾಸ್ಫೇಟ್ ಬಂಧನ

ಠಾಣೆ ಖಾರಿಯ ಪೂರ್ವ ದಂಡೆಯಲ್ಲಿ ವಾಶಿ, ನೆರೂಳ್ ಮೊದಲಾದ ನವಿ ಮುಂಬೈ ಬಡಾವಣೆಗಳಿದ್ದರೆ, ಎದುರು ದಂಡೆಯ ಟ್ರಾಂಬೆಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರವಿದ್ದು, ಬಳಸಿದ ಯುರೇನಿಯಂ ಇಂಧನವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಪ್ಲುಟೋನಿಯಂ ಬೇರ್ಪಡಿಸುವ ಕೆಲಸ ಅಲ್ಲಿ 1964ರಿಂದ ನಡೆದುಬಂದಿದೆ. ಈ ಮರುಸಂಸ್ಕರಣೆಯಲ್ಲಿ ಉಳಿಯುವ ಆಮ್ಲೀಯ ದ್ರವವೇ ಉನ್ನತ ಮಟ್ಟದ ವಿಕಿರಣಶೀಲ ತ್ಯಾಜ್ಯ. ಅದರಲ್ಲಿರುವ ಸೀಸಿಯಂ-137 ಅರ್ಧಕ್ಕಿಳಿಯಲು ಸುಮಾರು 30 ವರ್ಷ ಬೇಕಾದರೆ ಪ್ಲುಟೋನಿಯಂ-239ಕ್ಕೆ ಸುಮಾರು 24,000 ವರ್ಷ ಬೇಕು. ಅಷ್ಟು ಕಾಲ ದ್ರವವನ್ನು ತೊಟ್ಟಿಯಲ್ಲಿಟ್ಟು ಕಾಯುವುದು ಆಗದ ಮಾತಾದ್ದರಿಂದ, ಅದನ್ನು ನೀರಿಗೆ ಕರಗದ ಘನವಸ್ತುವಿನೊಳಗೆ ಕಟ್ಟಿಹಾಕುತ್ತಾರೆ, ಇದೇ ನಿಶ್ಚಲೀಕರಣ.

ಇದಕ್ಕೆ ಜಗತ್ತು ಮುಖ್ಯವಾಗಿ ನೆಚ್ಚಿಕೊಂಡಿರುವುದು ಬೋರೋಸಿಲಿಕೇಟ್ ಗಾಜನ್ನು. ಹಿಂದೆ ಠಾಣೆ ಜಿಲ್ಲೆಗೆ ಸೇರಿದ್ದು 2014ರಿಂದ ಪಾಲ್ಘರ್ ಜಿಲ್ಲೆಯಲ್ಲಿರುವ ತಾರಾಪುರದಲ್ಲಿ ಇಂಥ ಗಾಜು ಮಾಡುವ ಸ್ಥಾವರ 1980ರ ದಶಕದಲ್ಲೇ ಕೆಲಸಕ್ಕಿಳಿದಿತ್ತು. ಟ್ರಾಂಬೆಯ ತ್ಯಾಜ್ಯ ಮಾತ್ರ ಆ ಪಾಕಕ್ಕೆ ಒಗ್ಗಲಿಲ್ಲ. ಪ್ಲುಟೋನಿಯಂ ಬೇರ್ಪಡಿಸಲು ಬಳಸಿದ ಫೆರಸ್ ಸಲ್ಫಮೇಟ್‌ನಿಂದಾಗಿ ಅದರಲ್ಲಿ ಸಲ್ಫೇಟ್ ಸೇರಿಕೊಂಡಿತ್ತು. ಸಲ್ಫೇಟಾದರೋ ಕರಗಿದ ಗಾಜಿನಲ್ಲಿ ಬೆರೆಯದೆ ಉಪ್ಪಿನ ಪದರವಾಗಿ ಬೇರ್ಪಟ್ಟು, ಸೀಸಿಯಮ್ಮನ್ನೂ ತನ್ನೊಳಗೆ ಎಳೆದುಕೊಳ್ಳುತ್ತದೆ, ಆ ಪದರವೋ ನೀರಿನಲ್ಲಿ ಸುಲಭವಾಗಿ ಕರಗುವಂಥದ್ದು. ಕೊನೆಗೆ ಬೇರಿಯಂ ಬೆರೆಸಿದ ಬೇರೊಂದು ಗಾಜನ್ನೇ ರೂಪಿಸಬೇಕಾಯಿತು. ಎಲ್ಲ ತ್ಯಾಜ್ಯಕ್ಕೂ ಒಂದೇ ಮದ್ದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಸಿಗದು.

ಗಾಜಿನ ಕುಲುಮೆಯ ಶಾಖ ಸಾವಿರ ಡಿಗ್ರಿ ಸೆಲ್ಸಿಯಸ್ ಆಸುಪಾಸಿನದು. ಆ ಶಾಖಕ್ಕೆ ಸೀಸಿಯಂ, ಟೆಕ್ನೀಷಿಯಂನಂಥ ಧಾತುಗಳು ಒಂದಿಷ್ಟು ಆವಿಯಾಗುತ್ತವೆ. ಈ ತೊಡಕನ್ನು ಮನಗಂಡು ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಅರುಣ್ ವಾಘ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಕುಲುಮೆಯಿಲ್ಲದೆ ಗಟ್ಟಿಯಾಗುವ ಫಾಸ್ಫೇಟ್ ಸಿರಾಮಿಕ್ ಅನ್ನು ಬೆಳೆಸಿದರು. ಮೆಗ್ನೀಷಿಯಂ ಆಕ್ಸೈಡ್ ಪ್ರತ್ಯಾಮ್ಲ, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ ಆಮ್ಲಗುಣದ ಲವಣ. ಇವೆರಡನ್ನೂ ತ್ಯಾಜ್ಯ ಮತ್ತು ನೀರಿನೊಂದಿಗೆ ಕಲಸಿದರೆ ಮೊದಲು ದೋಸೆಹಿಟ್ಟಿನ ಹದದಲ್ಲಿರುವ ಮಿಶ್ರಣ ತಾನಾಗಿ ಬಿಸಿಯೇರುತ್ತ, ಕೆಲವೇ ಗಂಟೆಗಳಲ್ಲಿ ಕಲ್ಲಾಗುತ್ತದೆ. ಪ್ರತಿಕ್ರಿಯೆ ಕೈಮೀರದಿರಲೆಂದು ಆಕ್ಸೈಡನ್ನು ಮೊದಲೇ ಸುಮಾರು 1300 ಡಿಗ್ರಿಯಲ್ಲಿ ಸುಟ್ಟು ಮಂದಗೊಳಿಸುತ್ತಾರೆ, ಚೂರು ಬೋರಿಕ್ ಆಮ್ಲವನ್ನೂ ಸೇರಿಸುತ್ತಾರೆ. ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಬೆರೆತರೆ ಬಲ ಇನ್ನೂ ಹೆಚ್ಚು. (ದಂತವೈದ್ಯರು ಹಲ್ಲಿಗೆ ಬಳಸುತ್ತ ಬಂದ ಸತು ಫಾಸ್ಫೇಟ್ ಸಿಮೆಂಟ್ ಇದೇ ವಂಶದ್ದು.)

ಇಲ್ಲಿ ಬಂಧನ ಎರಡು ಬಗೆಯದು: ಅನೇಕ ಭಾರಧಾತುಗಳು ಫಾಸ್ಫೇಟ್ ಆಗಿ ಮಾರ್ಪಟ್ಟು ಕರಗುವ ಗುಣವನ್ನೇ ಕಳೆದುಕೊಳ್ಳುತ್ತವೆ, ಬಳಿಕ ದಟ್ಟವಾದ ಕಲ್ಲು ಅವನ್ನು ಸುತ್ತುವರಿಯುತ್ತದೆ. ನೀರಿನಲ್ಲಿ ಸರಾಗವಾಗಿ ಹರಿಯುವ ಟೆಕ್ನೀಷಿಯಂಗೆ ಮಾತ್ರ ಸ್ಟ್ಯಾನಸ್ ಕ್ಲೋರೈಡ್ ಹಾಕಿ ಅದನ್ನು ಕರಗದ ರೂಪಕ್ಕೆ ಇಳಿಸಬೇಕಾಗುತ್ತದೆ. ಫಾಸ್ಫೇಟಿನ ತಾಳಿಕೆಗೆ ಪ್ರಕೃತಿಯದೇ ಸಾಕ್ಷ್ಯವಿದೆ: ಕೇರಳದ ಚವರ ಕಡಲತೀರದ ಮೊನಜೈಟ್ ಎಂಬ ಫಾಸ್ಫೇಟ್ ಖನಿಜ ಥೋರಿಯಮ್ಮನ್ನು ಕೋಟ್ಯಂತರ ವರ್ಷಗಳಿಂದ ಬಿಡದೆ ಹಿಡಿದಿದೆ. ಆದರೆ ಮೊನಜೈಟ್ ಭೂಗರ್ಭದ ಶಾಖದಲ್ಲಿ ಹುಟ್ಟಿದ ಸ್ಫಟಿಕ. ಅದರ ಹೆಸರು ಹೇಳಿ ತಣ್ಣಗೆ ಕಲಸಿದ ಕಲ್ಲಿಗೂ ಅಷ್ಟೇ ಆಯುಷ್ಯ ಕೊಡುವುದು ಅವಸರದ ತೀರ್ಮಾನ.

ಈ ಕಲ್ಲಿನ ಪ್ರತಿ ಅಣುಘಟಕದಲ್ಲೂ ಆರು ನೀರಿನ ಅಣುಗಳಿದ್ದು, 100 ಡಿಗ್ರಿ ಆಸುಪಾಸಿನಲ್ಲಿ ಅವು ಹೊರಬೀಳುತ್ತವೆ. ತೀವ್ರ ವಿಕಿರಣಕ್ಕೆ ನೀರು ಒಡೆದು ಜಲಜನಕವೂ ಹುಟ್ಟುತ್ತದೆ. ಆದ್ದರಿಂದ ತಾನೇ ಕಾವೇರುವ ಉನ್ನತ ಮಟ್ಟದ ತ್ಯಾಜ್ಯಕ್ಕೆ ಗಾಜೇ ತಕ್ಕದ್ದು. ಕುಲುಮೆಗೆ ಹಾಕಲಾಗದ ಲವಣ, ಬೂದಿ, ಕೆಸರುಗಳಂಥ ಕೆಳಮಟ್ಟದ ತ್ಯಾಜ್ಯಕ್ಕೆ ಫಾಸ್ಫೇಟ್ ಸಿರಾಮಿಕ್ ಸೂಕ್ತ.