ಮನೆಯೋ, ಕಚೇರಿಯೋ, ಎರಡರ ನಡುವೆಯೋ?

ಮಗನಿಗೋ ಮಗಳಿಗೋ ನೌಕರಿ ಸಿಕ್ಕಿತೆಂದರೆ ನೆಂಟರಿಷ್ಟರು ಮೊದಲು ಕೇಳುತ್ತಿದ್ದುದು ಎರಡೇ ಪ್ರಶ್ನೆ: ಯಾವ ಊರು? ಸಂಬಳ ಎಷ್ಟು? ಈಗ ಮೂರನೆಯದೊಂದು ಸೇರಿಕೊಂಡಿದೆ: ಮನೆಯಿಂದಲೇ ಕೆಲಸವೋ, ದಿನಾ ಆಫೀಸಿಗೆ ಹೋಗಬೇಕೋ?

2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣದಿಂದ ದೇಶಕ್ಕೇ ಬೀಗ ಬಿದ್ದಾಗ ಈ ಪ್ರಶ್ನೆಗೆ ಉತ್ತರ ಹುಡುಕುವ ಗೊಡವೆಯೇ ಇರಲಿಲ್ಲ. ಬೀಗ ತೆಗೆದ ಮೇಲೆ ಶುರುವಾಯಿತು ಪೀಕಲಾಟ. ಹತ್ತು ಜನರಿಂದ ನೂರು ಜನರತ್ತ ಬೆಳೆಯುತ್ತಿರುವ ಸಣ್ಣ ಕಂಪನಿಗಳಿಗಂತೂ ಇದು ಬಾಡಿಗೆ, ನೇಮಕಾತಿ, ತರಬೇತಿ ಎಲ್ಲವನ್ನೂ ತಟ್ಟುವ ನಿರ್ಧಾರ. ಕಂಪನಿಗಳು ಇದನ್ನು ಹೇಗೆ ಅಳೆದು ಸುರಿದು ನೋಡುತ್ತವೆ ಎಂಬುದನ್ನು ತಿಳಿದರೆ, ಪದವಿ ಮುಗಿಸಿ ಹೊರಬರುವ ವಿದ್ಯಾರ್ಥಿಗೂ ತನ್ನ ದಾರಿ ಆರಿಸಿಕೊಳ್ಳುವುದು ಸುಲಭ.

ಐವತ್ತು ವರ್ಷಗಳ ಹಿಂದಿನ ಕನಸು

ದೂರದಿಂದ ದುಡಿಯುವ ವಿಚಾರ ಕೊರೊನಾದೊಂದಿಗೆ ಹುಟ್ಟಿದ್ದಲ್ಲ. ಅಮೆರಿಕದ ಜ್ಯಾಕ್ ನಿಲ್ಲೆಸ್ ಎಂಬ ವಿಜ್ಞಾನಿ 1973ರಲ್ಲೇ ಇದಕ್ಕೆ 'ಟೆಲಿಕಮ್ಯೂಟಿಂಗ್' ಎಂದು ಹೆಸರಿಟ್ಟ. ಲಾಸ್ ಏಂಜಲೀಸ್‌ನ ವಾಹನ ದಟ್ಟಣೆ ಅವನ ಚಿಂತೆಯಾಗಿತ್ತು. ನೌಕರರನ್ನು ಕೆಲಸದ ಬಳಿಗೆ ಸಾಗಿಸುವ ಬದಲು ಕೆಲಸವನ್ನೇ ದೂರವಾಣಿ ತಂತಿಯ ಮೂಲಕ ನೌಕರರ ಬಡಾವಣೆಗೆ ಕಳಿಸಬಾರದೇಕೆ ಎಂದು ಅವನು ಕೇಳಿದ.

ಈ ಕನಸಿನ ಇನ್ನೊಂದು ರೂಪವನ್ನು ಬೆಂಗಳೂರು ಮೊದಲೇ ಕಂಡಿತ್ತು. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1985ರಲ್ಲಿ ಇಲ್ಲಿ ನೆಲೆಯೂರಿ, ಉಪಗ್ರಹ ಸಂಪರ್ಕದ ಮೂಲಕ ತನ್ನ ಕೇಂದ್ರ ಕಚೇರಿಯೊಡನೆ ಕೊಂಡಿ ಬೆಸೆದುಕೊಂಡಿತು. ಡಲ್ಲಾಸ್‌ನಲ್ಲಿ ಕೂತವರ ಪಾಲಿಗೆ ಬೆಂಗಳೂರಿನ ಇಡೀ ಕಚೇರಿಯೇ 'ದೂರದ ಕೆಲಸ'! ಕರ್ನಾಟಕದ ಸಾಫ್ಟ್‌ವೇರ್ ಉದ್ಯಮ ಬೆಳೆದದ್ದೇ ಈ ತತ್ವದ ಮೇಲೆ.

ಹೋದವರು, ಮರಳಿದವರು

ದೊಡ್ಡ ಕಂಪನಿಗಳ ಅನುಭವ ಮಾತ್ರ ಏಕಮುಖವಾಗಿಲ್ಲ. 2009ರ ಹೊತ್ತಿಗೆ ಐಬಿಎಂನ ಸುಮಾರು ಶೇ 40ರಷ್ಟು ನೌಕರರು ಕಚೇರಿಯಿಂದ ಹೊರಗೆ ದುಡಿಯುತ್ತಿದ್ದರು. 2017ರಲ್ಲಿ ಅದೇ ಕಂಪನಿ ಅಮೆರಿಕದ ಸಾವಿರಾರು ಮಂದಿಯನ್ನು ಕಚೇರಿಗೆ ವಾಪಸ್ ಕರೆಯಿತು. ಯಾಹೂ 2013ರಲ್ಲೇ ಹೀಗೆ ಮಾಡಿತ್ತು. ನಮ್ಮ ಟಿಸಿಎಸ್, 2025ರೊಳಗೆ ಯಾವುದೇ ಸಮಯದಲ್ಲಿ ಕಾಲುಭಾಗ ನೌಕರರಷ್ಟೇ ಕಚೇರಿಯಲ್ಲಿದ್ದರೆ ಸಾಕೆಂದು 2020ರಲ್ಲಿ ಸಾರಿ, 2023ರ ಅಕ್ಟೋಬರ್‌ನಿಂದ ವಾರದ ಐದೂ ದಿನ ಬರಬೇಕೆಂದಿತು. ಇನ್‌ಫೊಸಿಸ್ 2025ರ ಮಾರ್ಚ್‌ನಲ್ಲಿ ಹಲವು ಹಂತದ ನೌಕರರಿಗೆ ತಿಂಗಳಿಗೆ ಕನಿಷ್ಠ ಹತ್ತು ದಿನದ ಹಾಜರಿ ಗೊತ್ತುಮಾಡಿತು. ಅಷ್ಟೇಕೆ, ದೂರ ಕೂತವರನ್ನು ಪರದೆಯ ಮೇಲೆ ಕೂಡಿಸಿಯೇ ಹಣ ಮಾಡಿದ ಝೂಮ್ ಕಂಪನಿಯೂ 2023ರಲ್ಲಿ ಹತ್ತಿರದಲ್ಲಿ ವಾಸಿಸುವ ನೌಕರರನ್ನು ವಾರಕ್ಕೆರಡು ದಿನ ಕಚೇರಿಗೆ ಕರೆಯಿತು!

ಇನ್ನೊಂದು ಬದಿಯಲ್ಲಿ ಗಿಟ್‌ಲ್ಯಾಬ್ ಇದೆ. ಆಫೀಸೇ ಇಲ್ಲದೆ, ಅರವತ್ತಕ್ಕೂ ಹೆಚ್ಚು ದೇಶಗಳಲ್ಲಿ ಚದುರಿದ ನೌಕರರನ್ನಿಟ್ಟುಕೊಂಡೇ ಬೆಳೆದ ಈ ಕಂಪನಿ 2021ರಲ್ಲಿ ಅಮೆರಿಕದ ಷೇರುಪೇಟೆಯನ್ನೂ ಪ್ರವೇಶಿಸಿತು. ಇದರ ಗುಟ್ಟು ಬರವಣಿಗೆ. ರಜೆಯ ನಿಯಮದಿಂದ ಹಿಡಿದು ತೀರ್ಮಾನ ಕೈಗೊಳ್ಳುವ ಕ್ರಮದವರೆಗೆ ಪ್ರತಿಯೊಂದನ್ನೂ ಕೈಪಿಡಿಯಲ್ಲಿ ಬರೆದಿಟ್ಟು, ಅದನ್ನು ಜಗತ್ತಿಗೇ ತೆರೆದಿಟ್ಟಿದೆ.

ಪರೀಕ್ಷೆಗೆ ಒಡ್ಡಿದಾಗ

ಯಾರ ಮಾತು ನಿಜ? ಅರ್ಥಶಾಸ್ತ್ರಜ್ಞರು ಇದನ್ನು ಪ್ರಯೋಗಕ್ಕೇ ಒಡ್ಡಿದ್ದಾರೆ. ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು 2010-11ರಲ್ಲಿ ಚೀನಾದ ಸಿಟ್ರಿಪ್ ಎಂಬ ಪ್ರವಾಸಿ ಕಂಪನಿಯ ಕಾಲ್‌ಸೆಂಟರ್ ನೌಕರರನ್ನು ಎರಡು ಗುಂಪು ಮಾಡಿದರು. ಹುಟ್ಟಿದ ದಿನ ಸಮಸಂಖ್ಯೆಯಾದವರು ಮನೆಯಿಂದ, ಬೆಸಸಂಖ್ಯೆಯವರು ಕಚೇರಿಯಿಂದ ದುಡಿಯಬೇಕು. ಒಂಬತ್ತು ತಿಂಗಳ ನಂತರ ನೋಡಿದರೆ ಮನೆಯವರ ಕೆಲಸ ಶೇ 13ರಷ್ಟು ಹೆಚ್ಚಿತ್ತು, ನೌಕರಿ ಬಿಡುವವರ ಪ್ರಮಾಣ ಅರ್ಧಕ್ಕಿಳಿದಿತ್ತು. ಆದರೆ ಪ್ರಯೋಗ ಮುಗಿದ ಮೇಲೆ ಮನೆಯ ಗುಂಪಿನ ಅರ್ಧದಷ್ಟು ಮಂದಿ 'ಒಂಟಿತನ ಸಾಕಪ್ಪಾ' ಎಂದು ಕಚೇರಿಗೆ ಮರಳಿದರು! ಅವರು ಮಾಡಿದ ಕೆಲಸಕ್ಕೆ ಹೋಲಿಸಿದರೆ ಸಿಕ್ಕ ಬಡ್ತಿಯೂ ಕಡಿಮೆಯಿತ್ತು.

2017ರಲ್ಲಿ ಚೆನ್ನೈನಲ್ಲಿ ನಡೆದ ಪ್ರಯೋಗದ ಫಲ ಇದಕ್ಕೆ ತದ್ವಿರುದ್ಧ. ಡೇಟಾ ಎಂಟ್ರಿಗೆ ಹೊಸದಾಗಿ ಸೇರಿದವರಲ್ಲಿ ಕೆಲವರನ್ನು ಮನೆಗೆ, ಕೆಲವರನ್ನು ಕಚೇರಿಗೆ ಹಂಚಲಾಯಿತು. ಮನೆಯವರ ಕೆಲಸ ಶೇ 18ರಷ್ಟು ಕಡಿಮೆ! ವ್ಯತ್ಯಾಸದ ಬಹುಪಾಲು ಮೊದಲ ದಿನದಿಂದಲೇ ಇತ್ತು. ಉಳಿದದ್ದಕ್ಕೆ ಕಾರಣ, ಕಚೇರಿಯವರು ಬೇಗ ಕಲಿತದ್ದು. ಮನೆಯೇ ಬೇಕೆಂದು ಬಯಸಿದವರು ಮನೆಯಲ್ಲಿ ಇನ್ನಷ್ಟು ಹಿಂದೆ ಬಿದ್ದದ್ದು ಗಮನಾರ್ಹ.

ಎರಡೂ ನಿಜವೇ. ಚೀನಾದಲ್ಲಿ ಮನೆಗೆ ಹೋದವರು ತಾವಾಗಿ ಮುಂದೆ ಬಂದವರು, ಕನಿಷ್ಠ ಆರು ತಿಂಗಳು ಪಳಗಿದವರು, ಮನೆಯಲ್ಲಿ ಪ್ರತ್ಯೇಕ ಕೋಣೆ, ಒಳ್ಳೆಯ ಇಂಟರ್‌ನೆಟ್ ಇದ್ದವರು. ಚೆನ್ನೈಯವರು ಕೆಲಸಕ್ಕೇ ಹೊಸಬರು. ಪಳಗಿದ ಕೈಗೆ ಮನೆ ಆದೀತು, ಕಲಿಯುವ ಕೈಗೆ ಜೊತೆ ಬೇಕು ಎಂದು ಇದರಿಂದ ತಿಳಿಯಬಹುದು.

ಮೂರನೆಯ ಪ್ರಯೋಗ ನಡುದಾರಿಯದು. ಅದೇ ಚೀನೀ ಕಂಪನಿಯ (ಆಗ ಅದರ ಹೆಸರು ಟ್ರಿಪ್ ಡಾಟ್ ಕಾಮ್) 1,612 ನೌಕರರ ಮೇಲೆ 2021-22ರಲ್ಲಿ ನಡೆದದ್ದು. ಬುಧವಾರ, ಶುಕ್ರವಾರ ಮನೆಯಿಂದ, ಉಳಿದ ಮೂರು ದಿನ ಕಚೇರಿಯಿಂದ. ನೌಕರಿ ಬಿಡುವವರು ಮೂರನೇ ಒಂದರಷ್ಟು ಕಡಿಮೆಯಾದರು. ಕೆಲಸದ ಗುಣಮಟ್ಟಕ್ಕಾಗಲಿ ಬಡ್ತಿಗಾಗಲಿ ಧಕ್ಕೆಯಾಗಲಿಲ್ಲ.

ಬೆಳೆಯುವ ಕಂಪನಿಯ ಲೆಕ್ಕಾಚಾರ

ಹತ್ತು ಜನರ ಕಂಪನಿಯಲ್ಲಿ ಇಬ್ಬಿಬ್ಬರ ನಡುವಣ ಸಂಪರ್ಕಗಳು 45. ಐವತ್ತು ಜನರಾದಾಗ ಅವು 1,225! ಬಾಯಿಮಾತಿನಲ್ಲೇ ನಡೆಯುತ್ತಿದ್ದ ವ್ಯವಹಾರ ಇಲ್ಲಿ ಮುಗ್ಗರಿಸುತ್ತದೆ. ಯಾರು ಏನು ತೀರ್ಮಾನಿಸಿದರು ಎಂಬುದನ್ನು ಬರೆದಿಡುವ ಶಿಸ್ತು ಇಲ್ಲದ ಕಂಪನಿ ಬಾಡಿಗೆ ಉಳಿಸುವ ಆಸೆಗೆ ಎಲ್ಲರನ್ನೂ ಮನೆಗೆ ಕಳಿಸಿದರೆ, ಉಳಿಸಿದ ಹಣಕ್ಕಿಂತ ಕಳೆದುಕೊಳ್ಳುವ ಹೊತ್ತೇ ಹೆಚ್ಚಾದೀತು.

ಎರಡನೆಯದು ಕೆಲಸದ ಸ್ವರೂಪ. ಯಂತ್ರ, ಪ್ರಯೋಗಾಲಯ, ಗ್ರಾಹಕರ ಮುಖಾಮುಖಿ ಇರುವಲ್ಲಿ ಸ್ಥಳದಲ್ಲೇ ಇರಬೇಕು. ಒಬ್ಬರೇ ಕೂತು ಮಾಡಿ ಮುಗಿಸಬಹುದಾದ, ಫಲವನ್ನು ಅಳೆಯಬಹುದಾದ ಕೆಲಸಕ್ಕೆ ಮನೆ ಸಾಕು. ಜೊತೆಗೂಡಿ ಹೊಸದನ್ನು ಕಟ್ಟುವ ತಂಡಕ್ಕೆ ಮಿಶ್ರ ಪದ್ಧತಿ ಹೊಂದೀತು. ಆದರೆ ಅಲ್ಲಿಯೂ ದಿನ ಗೊತ್ತಿರಬೇಕು. ಸೋಮವಾರ ಒಬ್ಬ, ಮಂಗಳವಾರ ಇನ್ನೊಬ್ಬ ಬಂದರೆ, ಆಫೀಸಿಗೆ ಹೋಗಿಯೂ ಪರದೆಯಲ್ಲೇ ಮಾತಾಡಬೇಕಾದ ಎಡವಟ್ಟು!

ಮೂರನೆಯದು ಪ್ರತಿಭೆ. ದೂರದ ಕೆಲಸಕ್ಕೆ ಒಪ್ಪುವ ಸಣ್ಣ ಕಂಪನಿಗೆ ಶಿರಸಿಯ ಪ್ರತಿಭೆಯೂ ಸಿಗುತ್ತದೆ, ಸಿಂಧನೂರಿನದೂ ಸಿಗುತ್ತದೆ. ನಾಲ್ಕನೆಯ ದಾರಿಯೂ ಒಂದಿದೆ. ತಮಿಳುನಾಡಿನ ಜೋಹೊ ಕಂಪನಿ 2011ರಲ್ಲೇ ತೆಂಕಾಸಿಯಂಥ ಸಣ್ಣ ಊರಿನ ಬಳಿ ಕಚೇರಿ ತೆರೆದು, ಸುತ್ತಲಿನ ಯುವಕರಿಗೆ ಅಲ್ಲೇ ಕೆಲಸ ಕೊಟ್ಟಿತು. ಬಡಾವಣೆಗೇ ಕೆಲಸ ಬರಲಿ ಎಂಬ ನಿಲ್ಲೆಸ್‌ನ ಕನಸಿಗೆ ಇದೇ ಹೆಚ್ಚು ಹತ್ತಿರ.

ಸಂದರ್ಶನಕ್ಕೆ ಹೋಗುವ ಮುನ್ನ

ದೂರದ ಬೆಟ್ಟ ನುಣ್ಣಗೆ. ಮೊದಲ ನೌಕರಿಯೇ ಪೂರ್ತಿ ಮನೆಯಿಂದ ಎಂದರೆ ಹಿಗ್ಗುವ ಮುನ್ನ ವಿದ್ಯಾರ್ಥಿಗಳು ಕೆಲವು ವಿಷಯ ಕೇಳಿ ತಿಳಿಯಬೇಕು. ಮೊದಲ ಆರು ತಿಂಗಳು ಕಲಿಸುವವರು ಯಾರು? ಅನುಮಾನ ಬಂದಾಗ ಯಾರನ್ನು, ಹೇಗೆ ಕೇಳಬೇಕು? ತಂಡದ ಹಿರಿಯರು ಕಚೇರಿಗೆ ಬರುವ ದಿನ ಯಾವುದು? ಕೆಲಸವನ್ನು ಅಳೆಯುವುದು ಗಂಟೆಯಿಂದಲೋ, ಫಲದಿಂದಲೋ? ನಾಳೆ ಕಚೇರಿಗೆ ಕರೆದರೆ ಎಷ್ಟು ದಿನ ಮುಂಚೆ ತಿಳಿಸುತ್ತಾರೆ? ಈ ಪ್ರಶ್ನೆಗಳಿಗೆ ಸ್ಪಷ್ಟ ಉತ್ತರವಿರುವ ಕಂಪನಿ ಯಾವ ಪದ್ಧತಿಯದಾದರೂ ಚಿಂತೆಯಿಲ್ಲ. 'ಮನೆಯಿಂದ ಕೆಲಸ ಕೊಡುತ್ತೇವೆ, ಮೊದಲು ಠೇವಣಿ ಕಟ್ಟಿ' ಎನ್ನುವವರಿಂದ ಮಾತ್ರ ದೂರವಿರುವುದೇ ಲೇಸು. ಕೆಲಸ ಕೊಡುವವರು ಸಂಬಳ ಕೊಡುತ್ತಾರೆಯೇ ಹೊರತು ಹಣ ಕೇಳುವುದಿಲ್ಲ.

ಪೋಷಕರ ಪಾತ್ರವೂ ಸಣ್ಣದಲ್ಲ. 'ಮನೆಯಲ್ಲೇ ಇದ್ದಾನಲ್ಲ' ಎಂದು ಮಗನನ್ನು ನಡುನಡುವೆ ಅಂಗಡಿಗೆ ಅಟ್ಟುವುದು, 'ಮನೆಯಲ್ಲೇ ಇದ್ದಾಳಲ್ಲ' ಎಂದು ಮಗಳ ಹೆಗಲಿಗೆ ಅಡುಗೆಮನೆಯನ್ನೂ ಹೊರಿಸುವುದು ಸಲ್ಲದು. ದೂರದ ಊರಿಗೆ ಕಳಿಸಲು ಹಿಂಜರಿದು ಮನೆಯ ಕೆಲಸವೇ ಸಾಕೆಂದು ಹಟ ಹಿಡಿಯುವ ಮುನ್ನ, ಮಕ್ಕಳು ಮೊದಲ ಒಂದೆರಡು ವರ್ಷದಲ್ಲಿ ಹಿರಿಯರ ಪಕ್ಕದಲ್ಲಿ ಕೂತು ಕಲಿಯುವುದೆಷ್ಟು ಎಂಬುದನ್ನೂ ತೂಗಿ ನೋಡಬೇಕು. ಮನೆಯಿಂದಲೇ ಎಂದು ನಿಶ್ಚಯವಾದರೆ ಮುಚ್ಚಿಕೊಳ್ಳಲೊಂದು ಬಾಗಿಲು, ಬೆನ್ನಿಗೊಂದು ಒಳ್ಳೆಯ ಕುರ್ಚಿ, ಕರೆಂಟು ಹೋದಾಗಲೂ ನಿಲ್ಲದ ಇಂಟರ್‌ನೆಟ್ ಇವಿಷ್ಟನ್ನಾದರೂ ಒದಗಿಸಿಕೊಟ್ಟರೆ ಮನೆಯೂ ಒಳ್ಳೆಯ ಕಚೇರಿಯಾದೀತು.