ಬೂಟ್ ಡಿಸ್ಕ್ ಕಾಣದಿದ್ದರೆ ಮೊದಲ ಮದ್ದು ಫಾರ್ಮ್ಯಾಟ್ ಅಲ್ಲ

ಗುಂಡಿ ಒತ್ತಿದಾಗ ಫ್ಯಾನ್ ತಿರುಗುತ್ತದೆ, ದೀಪ ಬೆಳಗುತ್ತದೆ, ತಯಾರಕರ ಲಾಂಛನವೂ ಪರದೆಯ ಮೇಲೆ ಮೂಡಿ ಮರೆಯಾಗುತ್ತದೆ. ಆನಂತರ ವಿಂಡೋಸ್ ಬರುವ ಬದಲು ಕಪ್ಪು ಪರದೆಯಲ್ಲಿ ಬಿಳಿ ಅಕ್ಷರಗಳ ಒಂದೇ ಸಾಲು: ‘ನೋ ಬೂಟ್ ಡಿವೈಸ್ ಫೌಂಡ್’. ಕೆಲವು ಯಂತ್ರಗಳಲ್ಲಿ ಇದೇ ಸಂದೇಶ ‘ಆಪರೇಟಿಂಗ್ ಸಿಸ್ಟಂ ನಾಟ್ ಫೌಂಡ್’ ಎಂದೋ, ‘ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ ಎಂದೋ ಇರುತ್ತದೆ. ಮನೆಯ ಫೋಟೋಗಳು, ಅಂಗಡಿಯ ಲೆಕ್ಕ, ಡಿಟಿಪಿ ಕೇಂದ್ರದ ಹತ್ತು ವರ್ಷಗಳ ನುಡಿ ಕಡತಗಳು ಎಲ್ಲವೂ ಹೋದವೆಂದು ಮಾಲೀಕರು ಕಂಗಾಲಾಗುವುದು ಸಹಜ. ‘ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಬಿಡೋಣ’ ಎಂಬ ಸಲಹೆಗೆ ತಲೆಯಾಡಿಸುವುದೂ ಆ ಗಾಬರಿಯಲ್ಲಿಯೇ. ಆದರೆ ಈ ಸಂದೇಶ ಡಿಸ್ಕ್ ಸತ್ತಿದೆ ಎಂದು ಹೇಳುತ್ತಿಲ್ಲ. ಎಲ್ಲಿಂದ ಆರಂಭಿಸಬೇಕೆಂದು ಯಂತ್ರಕ್ಕೆ ತಿಳಿಯುತ್ತಿಲ್ಲ ಎಂದಷ್ಟೇ ಹೇಳುತ್ತಿದೆ.

ಗಣಕಯಂತ್ರ ಚಾಲೂ ಆದಾಗ ಮೊದಲು ಎಚ್ಚರಗೊಳ್ಳುವುದು ವಿಂಡೋಸ್ ಅಲ್ಲ, ಮದರ್‌ಬೋರ್ಡಿನ ಚಿಪ್‌ನಲ್ಲಿರುವ ಪುಟ್ಟ ತಂತ್ರಾಂಶ. ಹಳೆಯ ಯಂತ್ರಗಳಲ್ಲಿ ಅದರ ಹೆಸರು ಬಯೋಸ್, ಹೊಸತರಲ್ಲಿ ಯುಇಎಫ್‌ಐ. ಬಳಕೆಯಲ್ಲಿ ಎರಡನ್ನೂ ಬಯೋಸ್ ಎಂದೇ ಕರೆಯುತ್ತಾರೆ. ಅದು ಮೆಮೊರಿ, ಕೀಲಿಮಣೆ ಇತ್ಯಾದಿಗಳನ್ನು ಪರೀಕ್ಷಿಸಿ, ತನ್ನ ಬಳಿ ಇರುವ ಪಟ್ಟಿಯ ಪ್ರಕಾರ ಒಂದೊಂದೇ ಡಿಸ್ಕ್ ಹುಡುಕುತ್ತದೆ. ಹಳೆಯ ಪದ್ಧತಿಯಲ್ಲಿ ಡಿಸ್ಕಿನ ಮೊದಲ 512 ಬೈಟ್‌ಗಳನ್ನು ಓದುತ್ತದೆ. ಹೊಸ ಪದ್ಧತಿಯಲ್ಲಿ ಡಿಸ್ಕಿನಲ್ಲಿರುವ ಸಣ್ಣದೊಂದು ಇಎಫ್‌ಐ ವಿಭಾಗದಲ್ಲಿ ಬೂಟ್ ಕಡತವನ್ನು ಅರಸುತ್ತದೆ. ಎರಡೂ ಸಿಗದಿದ್ದಾಗಲೇ ಮೇಲಿನ ಸಂದೇಶ.

ಆದ್ದರಿಂದ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಬಯೋಸ್‌ಗೆ ಡಿಸ್ಕ್ ಕಾಣುತ್ತಿದೆಯೇ? ಪೆನ್‌ಡ್ರೈವ್, ಮೆಮೊರಿ ಕಾರ್ಡ್‌ಗಳನ್ನು ತೆಗೆದು ಯಂತ್ರವನ್ನು ಮತ್ತೊಮ್ಮೆ ಆರಂಭಿಸಿ. ಮರೆತು ಬಿಟ್ಟ ಪೆನ್‌ಡ್ರೈವ್ ಒಂದೇ ಕಾರಣವಾಗಿರುವುದೂ ಉಂಟು. ಆಗಲೂ ಬಾರದಿದ್ದರೆ ಲಾಂಛನ ಮೂಡುವಾಗ ಡಿಲೀಟ್ ಅಥವಾ ಎಫ್2 ಕೀಲಿಯನ್ನು ಒತ್ತುತ್ತಾ ಬಯೋಸ್ ಪ್ರವೇಶಿಸಿ. ಅಲ್ಲಿನ ಸ್ಟೋರೇಜ್ ಅಥವಾ ಸಾಟಾ ಪಟ್ಟಿಯಲ್ಲಿ ನಿಮ್ಮ ಡಿಸ್ಕಿನ ಹೆಸರು ಇದೆಯೋ ಇಲ್ಲವೋ ಎಂಬುದರ ಮೇಲೆ ಮುಂದಿನ ದಾರಿ ಕವಲೊಡೆಯುತ್ತದೆ.

ಹೆಸರಿದ್ದೂ ಬೂಟ್ ಆಗದಿದ್ದರೆ

ಹೆಸರು ಕಂಡರೆ ಅರ್ಧ ನಿಟ್ಟುಸಿರು ಬಿಡಬಹುದು. ಬಯೋಸ್ ಪರದೆಯಲ್ಲಿರುವ ದಿನಾಂಕವನ್ನು ನೋಡಿ. ಅದು ಎಷ್ಟೋ ವರ್ಷ ಹಿಂದಿನದ್ದಾಗಿದ್ದರೆ ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ ಬ್ಯಾಟರಿ ಬರಿದಾಗಿದೆ ಎಂದರ್ಥ. ಸಾಮಾನ್ಯವಾಗಿ ಅದು 3 ವೋಲ್ಟ್‌ಗಳ ಸಿಆರ್2032. ಗೋಡೆಯ ಸ್ವಿಚ್ಚನ್ನು ರಾತ್ರಿ ಆರಿಸುವುದು ನಮ್ಮ ಮನೆಗಳ ರೂಢಿ. ಹಾಗೆ ಆರಿಸಿದಷ್ಟು ಹೊತ್ತೂ ಗಡಿಯಾರವನ್ನು ಓಡಿಸುವುದು ಈ ಬ್ಯಾಟರಿಯೇ. ಅದು ಬರಿದಾದಾಗ ಬಯೋಸ್ ಆಯ್ಕೆಗಳು ಮೂಲಸ್ಥಿತಿಗೆ ಮರಳಬಹುದು, ಬೂಟ್ ಕ್ರಮವೂ ಅದಲುಬದಲಾಗಬಹುದು. ಹೊಸ ಬ್ಯಾಟರಿ ಹಾಕಿ, ವಿಂಡೋಸ್ ಇರುವ ಡಿಸ್ಕನ್ನು ಪಟ್ಟಿಯ ಮೇಲಕ್ಕೆ ತಂದರೆ ಎಷ್ಟೋ ಯಂತ್ರಗಳು ಸರಿಹೋಗುತ್ತವೆ.

ಇತ್ತೀಚೆಗೆ ಇನ್ನೊಂದು ಕಾರಣ ಸೇರಿಕೊಂಡಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಯುಇಎಫ್‌ಐ ಹಾಗೂ ಸೆಕ್ಯೂರ್ ಬೂಟ್ ಬೇಕೆಂದು ಓದಿದವರು ಬಯೋಸ್‌ನಲ್ಲಿ ‘ಲೆಗಸಿ’ ಅಥವಾ ‘ಸಿಎಸ್‌ಎಂ’ ಆಯ್ಕೆಯನ್ನು ಆರಿಸಿಬಿಡುತ್ತಾರೆ. ಡಿಸ್ಕ್ ಹಳೆಯ ಎಂಬಿಆರ್ ಮಾದರಿಯದ್ದಾಗಿದ್ದರೆ ಮರುಕ್ಷಣವೇ ಬೂಟ್ ಪಟ್ಟಿಯಿಂದ ಮಾಯ! ಇಲ್ಲಿ ಡಿಸ್ಕ್ ಕೆಟ್ಟಿಲ್ಲ, ಎರಡು ಪದ್ಧತಿಗಳು ಹೊಂದುತ್ತಿಲ್ಲ ಅಷ್ಟೆ. ಆಯ್ಕೆಯನ್ನು ಮೊದಲಿನಂತೆ ಮಾಡಿದರೆ ವಿಂಡೋಸ್ ಮರಳುತ್ತದೆ.

ನಿಜಕ್ಕೂ ಬದಲಿಸಲೇಬೇಕೆಂದಿದ್ದರೆ ಮೊದಲು ಡಿಸ್ಕನ್ನು ಜಿಪಿಟಿ ಮಾದರಿಗೆ ಪರಿವರ್ತಿಸಿ, ಆಮೇಲೆ ಬಯೋಸ್ ಮುಟ್ಟಬೇಕು. ಇದಕ್ಕಾಗಿ ಮೈಕ್ರೋಸಾಫ್ಟ್ 2017ರಿಂದ ವಿಂಡೋಸ್‌ನಲ್ಲೇ ‘ಎಂಬಿಆರ್2ಜಿಪಿಟಿ’ ಎಂಬ ಸಾಧನವನ್ನು ನೀಡಿದೆ. ದತ್ತಾಂಶ ಅಳಿಸದೆ ಪರಿವರ್ತಿಸುವುದು ಅದರ ಕೆಲಸ. ಆದರೂ ಪ್ರತಿಯೊಂದು ತೆಗೆದಿಟ್ಟುಕೊಂಡೇ ಮುಂದುವರಿಯುವುದು ಕ್ಷೇಮ. ಇದಕ್ಕೆ ನಮ್ಮಲ್ಲಿ ಎದುರಾಗುವ ತೊಡಕೊಂದಿದೆ. ಒಂದೇ ಡಿಸ್ಕನ್ನು ಸಿ, ಡಿ, ಇ, ಎಫ್ ಎಂದು ನಾಲ್ಕಾರು ಪಾಲು ಮಾಡಿಕೊಡುವುದು ಜೋಡಣೆಗಾರರ ಹಳೆಯ ಅಭ್ಯಾಸ. ಮೂರಕ್ಕಿಂತ ಹೆಚ್ಚು ಪ್ರೈಮರಿ ವಿಭಾಗಗಳಿದ್ದರೆ, ಅಥವಾ ಎಕ್ಸ್‌ಟೆಂಡೆಡ್ ವಿಭಾಗವಿದ್ದರೆ ಈ ಸಾಧನ ಪರಿವರ್ತನೆಗೆ ಒಪ್ಪುವುದಿಲ್ಲ. ಮೊದಲು ‘ವ್ಯಾಲಿಡೇಟ್’ ಆಯ್ಕೆಯಿಂದ ಪರೀಕ್ಷಿಸಿದರೆ ಇದು ತಿಳಿಯುತ್ತದೆ.

ಬಯೋಸ್ ಆಯ್ಕೆ ಬದಲಿಸುವ ಮುನ್ನ ಬಿಟ್‌ಲಾಕರ್ ಬಗೆಗೂ ವಿಚಾರಿಸಿಕೊಳ್ಳಿ. ಡಿಸ್ಕ್ ಗೂಢಲಿಪೀಕರಣಗೊಂಡಿದ್ದರೆ ಬಯೋಸ್ ಬದಲಾದೊಡನೆ ಯಂತ್ರ 48 ಅಂಕಿಗಳ ರಿಕವರಿ ಕೀ ಕೇಳಬಹುದು. ವಿಂಡೋಸ್ 11ರ 2024ರ ಆವೃತ್ತಿಯನ್ನು ಹೊಸದಾಗಿ ಹಾಕಿ, ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದ ಹಲವು ಯಂತ್ರಗಳಲ್ಲಿ ಈ ರಕ್ಷಣೆ ಮಾಲೀಕರ ಗಮನಕ್ಕೆ ಬಾರದೆಯೇ ಚಾಲೂ ಆಗಿರುತ್ತದೆ. ಕೀ ಆ ಖಾತೆಯಲ್ಲಿ ಉಳಿದಿರುತ್ತದೆ. ಬೇರೆ ಯಂತ್ರದಿಂದಲೋ ಮೊಬೈಲಿನಿಂದಲೋ ಅದನ್ನು ನೋಡಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಕೀ ಇಲ್ಲವೆಂದರೆ ಡಿಸ್ಕ್ ಎಷ್ಟೇ ಆರೋಗ್ಯವಾಗಿದ್ದರೂ ಒಳಗಿನದು ಸಿಗದು.

ಕ್ರಮವೂ ಪದ್ಧತಿಯೂ ಸರಿಯಿದ್ದು ಬೂಟ್ ಆಗದಿದ್ದರೆ ಬೂಟ್ ಕಡತಗಳು ಕೆಟ್ಟಿರಬೇಕು. ಕೆಲಸದ ನಡುವೆ ವಿದ್ಯುತ್ ಕೈಕೊಟ್ಟಾಗ ಹೀಗಾಗುವುದುಂಟು. ಇನ್ನೊಂದು ಯಂತ್ರದಲ್ಲಿ 8 ಜಿಬಿ ಪೆನ್‌ಡ್ರೈವ್‌ಗೆ ವಿಂಡೋಸ್ ಅನುಸ್ಥಾಪನಾ ತಂತ್ರಾಂಶ ಇಳಿಸಿಕೊಂಡು, ಅದರಿಂದ ಬೂಟ್ ಮಾಡಿ, ‘ಇನ್‌ಸ್ಟಾಲ್’ ಬದಲಿಗೆ ‘ರಿಪೇರ್’ ಆರಿಸಿ ‘ಸ್ಟಾರ್ಟ್‌ಅಪ್ ರಿಪೇರ್’ಗೆ ಅವಕಾಶ ಕೊಡಬೇಕು.

ಹೆಸರೇ ಇಲ್ಲದಿದ್ದರೆ

ಈಗ ಪೆಟ್ಟಿಗೆ ತೆರೆಯದೆ ವಿಧಿಯಿಲ್ಲ. ವಾರಂಟಿ ಇನ್ನೂ ಇದ್ದರೆ ತೆರೆಯುವ ಮುನ್ನ ಅದರ ಷರತ್ತು ಓದಿಕೊಳ್ಳಿ. ಗೋಡೆಯ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಕ್ಷಣ ಅದುಮಿ ಹಿಡಿದು, ಪೆಟ್ಟಿಗೆಯ ಲೋಹದ ಭಾಗವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಿ. ಸಾಟಾ ಡಿಸ್ಕಿಗೆ ಎರಡು ಸಂಪರ್ಕಗಳಿವೆ: ದತ್ತಾಂಶಕ್ಕೆ ಕಿರಿದಾದ ಕೇಬಲ್, ವಿದ್ಯುತ್ತಿಗೆ ಅಗಲವಾದದ್ದು. ಎರಡನ್ನೂ ಕಿತ್ತು ಮತ್ತೆ ಗಟ್ಟಿಯಾಗಿ ಕೂರಿಸಿ. ಫಲಿಸದಿದ್ದರೆ ಬೇರೆ ಕೇಬಲ್, ಅನಂತರ ಮದರ್‌ಬೋರ್ಡಿನ ಬೇರೆ ಪೋರ್ಟ್. ಹೊಸ ಡಿಸ್ಕ್ ಕೊಳ್ಳುವ ಮುನ್ನ ಅಗ್ಗದ ಒಂದು ಕೇಬಲ್ ಬದಲಿಸಿ ನೋಡುವುದರಲ್ಲಿ ನಷ್ಟವಿಲ್ಲ.

ಬಿಸ್ಕತ್ತಿನಂತಹ ಎಂ.2 ಎಸ್‌ಎಸ್‌ಡಿ ಆಗಿದ್ದರೆ ತಿರುಪು ಬಿಚ್ಚಿ, ಓರೆಯಾಗಿ ಹೊರತೆಗೆದು ಮರಳಿ ಸೇರಿಸಬೇಕು. ಕೆಲವು ಮದರ್‌ಬೋರ್ಡ್‌ಗಳಲ್ಲಿ ಎಂ.2 ಜಾಗವನ್ನು ಬಳಸಿದೊಡನೆ ಒಂದೆರಡು ಸಾಟಾ ಪೋರ್ಟ್‌ಗಳು ತಾವಾಗಿ ಸ್ಥಗಿತಗೊಳ್ಳುತ್ತವೆ. ಹೊಸ ಎಸ್‌ಎಸ್‌ಡಿ ಹಾಕಿದ ದಿನವೇ ಹಳೆಯ ಡಿಸ್ಕ್ ಕಾಣೆಯಾದರೆ ಶಂಕಿಸಬೇಕಾದದ್ದು ಇದನ್ನೇ. 2014ಕ್ಕಿಂತ ಹಿಂದಿನ ಬಹುತೇಕ ಬೋರ್ಡ್‌ಗಳು ಎನ್‌ವಿಎಂಇ ಎಸ್‌ಎಸ್‌ಡಿಯಿಂದ ಬೂಟ್ ಮಾಡಲಾರವು ಎಂಬುದೂ ಗಮನದಲ್ಲಿರಲಿ.

ಇಷ್ಟರಲ್ಲಿ ಕಿವಿಯೂ ಚುರುಕಾಗಿರಬೇಕು. ತಿರುಗುವ ಹಾರ್ಡ್ ಡಿಸ್ಕ್ ಒಂದೇ ಲಯದಲ್ಲಿ ‘ಟಕ್ ಟಕ್’ ಎನ್ನುತ್ತಿದ್ದರೆ ಕೂಡಲೇ ಯಂತ್ರ ಆರಿಸಿ, ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಓದುವ ಹೆಡ್ ಹಾಳಾಗಿದ್ದರೆ ಪ್ರತಿ ಸುತ್ತೂ ಫಲಕವನ್ನು ಗೀರಬಲ್ಲದು. ಅಂತಹ ಡಿಸ್ಕನ್ನು ದತ್ತಾಂಶ ಮರುಪಡೆಯುವ ಪರಿಣತರಿಗೆ ಒಪ್ಪಿಸಬೇಕೇ ಹೊರತು ಮನೆಯಲ್ಲಿ ಬಿಚ್ಚುವಂತಿಲ್ಲ. ಎಸ್‌ಎಸ್‌ಡಿ ಮಾತ್ರ ಈ ವಿಚಾರದಲ್ಲಿ ಮೂಕ; ಸದ್ದಿಲ್ಲದೆ ಒಂದು ದಿನ ಹೊರಟುಹೋಗುತ್ತದೆ.

ಸದ್ದಿಲ್ಲದ ಡಿಸ್ಕನ್ನು ಸಾಟಾ–ಯುಎಸ್‌ಬಿ ಅಡಾಪ್ಟರಿನ ಮೂಲಕ ಇನ್ನೊಂದು ಯಂತ್ರಕ್ಕೆ ಜೋಡಿಸಿ ನೋಡಬಹುದು. ಆಗ ವಿಂಡೋಸ್ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆ’ ಎಂದೋ ‘ಇನಿಶಿಯಲೈಜ್ ಮಾಡಬೇಕೆ’ ಎಂದೋ ಕೇಳಿದರೆ ಉತ್ತರ ‘ಬೇಡ’. ಕಡತಗಳು ಕಂಡರೆ ಮೊದಲು ನಕಲಿಸಿಕೊಳ್ಳಿ, ದುರಸ್ತಿ ಆಮೇಲೆ. ಇನ್ನೊಂದು ಯಂತ್ರವನ್ನು ಬಿಚ್ಚುವ ಅನುಕೂಲವಿಲ್ಲದವರು ಉಬುಂಟು ತುಂಬಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಸ್ಕಿಗೆ ಏನನ್ನೂ ಅನುಸ್ಥಾಪಿಸದೆ, ಬಯೋಸ್‌ಗೆ ಕಾಣುವ ಡಿಸ್ಕಿನಿಂದ ಕಡತಗಳನ್ನು ಹೊರತೆಗೆಯಬಹುದು.

ಸದಾಶಿವನಗರದ ಸೇವಾ ಕೇಂದ್ರವಿರಲಿ, ಬೆಂಗಳೂರಿನ ಎಸ್.ಪಿ. ರಸ್ತೆಯ ಮಳಿಗೆಯಿರಲಿ, ಊರಿನ ಬಸ್ ನಿಲ್ದಾಣದ ಬಳಿಯ ಅಂಗಡಿಯಿರಲಿ, ಯಂತ್ರ ಒಪ್ಪಿಸುವಾಗ ‘ಡಿಸ್ಕ್ ಅಳಿಸಬೇಡಿ’ ಎಂದು ರಸೀದಿಯ ಮೇಲೆಯೇ ಬರೆಸಿ. ‘ಸಿ ಡ್ರೈವ್ ಮಾತ್ರ ಅಳಿಸುತ್ತೇವೆ’ ಎಂಬ ಭರವಸೆ ಸಾಲದು: ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳು ಸಾಮಾನ್ಯವಾಗಿ ಇರುವುದು ಅದರಲ್ಲಿಯೇ, ಟ್ಯಾಲಿಯ ಲೆಕ್ಕಪತ್ರವೂ ಅನೇಕ ಅಂಗಡಿಗಳಲ್ಲಿ ಅಲ್ಲಿಯೇ. ಡಿಸ್ಕ್ ವಾರಂಟಿಯಲ್ಲಿದ್ದರೆ ಕಂಪನಿ ಬದಲಿ ಡಿಸ್ಕ್ ಕೊಡುತ್ತದೆ, ಅದರೊಳಗಿದ್ದ ದತ್ತಾಂಶಕ್ಕೆ ಹೊಣೆ ಹೊರುವುದಿಲ್ಲ. ಕೊಟ್ಟ ಹಳೆಯ ಡಿಸ್ಕ್ ಸಾಮಾನ್ಯವಾಗಿ ಹಿಂತಿರುಗಿ ಬರುವುದೂ ಇಲ್ಲ. ಒಳಗಿನದು ಬೇಕೆಂದಿದ್ದರೆ ಮರುಪಡೆಯುವ ಪ್ರಯತ್ನ ಮುಗಿದ ಬಳಿಕವೇ ಬದಲಿಗೆ ಅರ್ಜಿ ಹಾಕಬೇಕು.