ಸ್ಕೊಹೇರಿ ಹೊಳೆಯ ಚಾವಣಿ ಸೇತುವೆ

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಗ್ರಾಮೀಣ ಪ್ರದೇಶದಲ್ಲಿ, ಸ್ಕೊಹೇರಿ ಹೊಳೆಗೆ ಅಡ್ಡಲಾಗಿ 1855ರಲ್ಲಿ ನಿರ್ಮಾಣಗೊಂಡ ಬ್ಲೆನ್‌ಹೈಮ್ ಸೇತುವೆಯು ಆ ದೇಶದ ಮರದ ಚಾವಣಿ ಸೇತುವೆಗಳಲ್ಲಿ ಹೆಸರುವಾಸಿಯಾದುದು. ಇಕ್ಕೆಲಗಳಲ್ಲಿ ಹಲಗೆಯ ಗೋಡೆ, ಮೇಲೆ ಇಳಿಜಾರು ಮಾಡು ಇರುವ ಇಂಥ ಸೇತುವೆಗಳಲ್ಲಿ ಹೊದಿಕೆಯ ಮುಖ್ಯ ಉದ್ದೇಶ ಭಾರ ಹೊರುವ ತೊಲೆಗಳ ರಕ್ಷಣೆ. ದಾರಿಹೋಕರಿಗೆ ದೊರೆಯುತ್ತಿದ್ದ ಆಸರೆ ಅದರೊಂದಿಗೆ ಬಂದ ಅನುಕೂಲ. ತೊಲೆಗಳ ಕೂಡುಗಳಿಗೆ ನೀರು ಇಳಿದರೆ ಮರ ಕೊಳೆಯುತ್ತದೆಯಾದ್ದರಿಂದ, ತೆರೆದ ಸೇತುವೆ ಒಂದೆರಡು ದಶಕಗಳಲ್ಲಿ ಶಿಥಿಲವಾಗುತ್ತಿದ್ದರೆ, ಹೊದಿಕೆಯುಳ್ಳದ್ದು ಶತಮಾನ ದಾಟಿ ಬಾಳುತ್ತಿತ್ತು.

ಸುಂಕ ವಸೂಲಿಯ ಹಕ್ಕುಳ್ಳ ಖಾಸಗಿ ಕಂಪನಿಯೊಂದು ಈ ಕೆಲಸಕ್ಕೆ ವರ್ಮಾಂಟ್ ರಾಜ್ಯದ ಬಡಗಿ ನಿಕೊಲಸ್ ಪವರ್ಸ್ ಅವರನ್ನು ಕರೆಸಿತು. ಅವರು ಆಯ್ದುಕೊಂಡದ್ದು ಸೇನಾ ಎಂಜಿನಿಯರ್ ಸ್ಟೀಫನ್ ಲಾಂಗ್ 1830ರಲ್ಲಿ ಪೇಟೆಂಟ್ ಪಡೆದಿದ್ದ ಟ್ರಸ್ ಪದ್ಧತಿಯನ್ನು. ಟ್ರಸ್ ಎಂದರೆ ಉದ್ದ, ನೇರ ಮತ್ತು ಓರೆ ತೊಲೆಗಳನ್ನು ಹೆಣೆದು, ಭಾರವು ದಡದ ಆಧಾರಗಳಿಗೆ ಹಂಚಿಹೋಗುವಂತೆ ರಚಿಸಿದ ಚೌಕಟ್ಟು. ಲಾಂಗ್ ಪದ್ಧತಿಯ ಪ್ರತಿ ಅಂಕಣದಲ್ಲೂ ಓರೆ ತೊಲೆಗಳು ಗುಣಾಕಾರ ಚಿಹ್ನೆಯಂತೆ ಒಂದನ್ನೊಂದು ಹಾಯುತ್ತವೆ ಮತ್ತು ಕೂಡುಗಳಲ್ಲಿ ಬಡಿದ ಮರದ ಬೆಣೆಗಳು ಇಡೀ ಚೌಕಟ್ಟನ್ನು ಬಿಗಿಯಾಗಿ ಹಿಡಿಯುತ್ತವೆ. ಪವರ್ಸ್ ಅವರು ಬಂಡಿಗಳು ಎದುರುಬದುರಾಗಿ ಸಾಗಲು ಎರಡು ದಾರಿಗಳನ್ನು ಕಲ್ಪಿಸಿ, ಅವುಗಳ ನಡುವೆ ಮೂರನೆಯ ಟ್ರಸ್ ನಿಲ್ಲಿಸಿ, ಅದರೊಳಗೆ ಮಾಡಿನ ನೆತ್ತಿಯವರೆಗೂ ಏರುವ ಓಕ್ ಮರದ ಬೃಹತ್ ಕಮಾನನ್ನು ಕೂಡಿಸಿದರು. ಒಟ್ಟು 232 ಅಡಿ ಉದ್ದದ ಈ ಸೇತುವೆಗೆ ಹೊಳೆಯ ನಡುವೆ ಒಂದೂ ಕಂಬವಿರಲಿಲ್ಲ.

ಸೇತುವೆಯನ್ನು ಮೊದಲು ಊರಿನ ಬಯಲಿನಲ್ಲಿ ಜೋಡಿಸಿ ನೋಡಿ, ಬಿಚ್ಚಿ, ಬಳಿಕ ಹೊಳೆಯ ಮೇಲೆ ನಿಲ್ಲಿಸಲಾಯಿತೆಂದು ಸ್ಥಳೀಯ ಇತಿಹಾಸ ಹೇಳುತ್ತದೆ. ಕೆಳಗಿನ ಆನಿಕೆಗಳನ್ನು ಕಳಚುವ ದಿನ, ಇಷ್ಟು ಭಾರ ತಾನಾಗಿ ನಿಲ್ಲದೆಂದು ಜನ ಮೂದಲಿಸಿದಾಗ, ಪವರ್ಸ್ ಮಾಡಿನ ನೆತ್ತಿಯೇರಿ ಕುಳಿತು, ಬಿದ್ದರೆ ಅದರೊಂದಿಗೆ ತಾನೂ ಬೀಳುವುದಾಗಿ ಸಾರಿದರೆಂಬ ಐತಿಹ್ಯವಿದೆ. ಕಥೆಗೆ ಎಷ್ಟೇ ಬಣ್ಣ ಸೇರಿರಲಿ, ಅವರ ಲೆಕ್ಕಾಚಾರ ಸುಳ್ಳಾಗಲಿಲ್ಲ.

1930ರ ದಶಕದ ಆರಂಭದಲ್ಲಿ ಪಕ್ಕದಲ್ಲೇ ಉಕ್ಕಿನ ಸೇತುವೆ ಬಂದು ವಾಹನ ಸಂಚಾರ ಅತ್ತ ತಿರುಗಿದರೂ, ಜಿಲ್ಲಾಡಳಿತವು ಹಳೆಯದನ್ನು ಕೆಡವದೆ ಸ್ಮಾರಕವಾಗಿ ಉಳಿಸಿಕೊಂಡಿತು. 1964ರಲ್ಲಿ ಅದಕ್ಕೆ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಿನ ಮನ್ನಣೆ ದೊರೆಯಿತು. ಮೇಲಿನಿಂದ ಸುರಿಯುವ ನೀರನ್ನು 156 ವರ್ಷ ತಡೆದ ಈ ರಚನೆ, 2011ರ ಆಗಸ್ಟ್ 28ರಂದು ಐರೀನ್ ಚಂಡಮಾರುತದ ಮಳೆಗೆ ಉಕ್ಕೇರಿದ ಹೊಳೆಯ ಪ್ರವಾಹದಲ್ಲಿ ಕೊಚ್ಚಿಹೋಯಿತು. ಪುನರ್ನಿರ್ಮಾಣದ ವೆಚ್ಚ ಭರಿಸಲು ಒಕ್ಕೂಟ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಮೊದಲು ಒಪ್ಪದಿದ್ದರೂ, ಊರಿನವರು ಪಟ್ಟು ಬಿಡದೆ ಮೇಲ್ಮನವಿ ಸಲ್ಲಿಸಿದ ಬಳಿಕ ಮಣಿಯಿತು. ಹಳೆಯದರ ಮಾದರಿಯಲ್ಲೇ, ಪ್ರವಾಹದ ಮಟ್ಟಕ್ಕಿಂತ ಎತ್ತರದಲ್ಲಿ, ಹೊಸ ಸೇತುವೆ 2018ರಲ್ಲಿ ಸಿದ್ಧವಾಯಿತು.

ಪುನರ್ನಿರ್ಮಾಣದಿಂದ ಊರಿಗೆ ಅದರ ಗುರುತು ಮರಳಿದೆ ಮತ್ತು ಇಂದಿನ ಬಡಗಿಗಳಿಗೆ ಮರೆತುಹೋಗಬಹುದಾಗಿದ್ದ ವಿದ್ಯೆಯೊಂದು ಕೈಗೆ ಬಂದಿದೆ. ಆದರೂ ಹಳೆಯ ಕೈಗೆಲಸ ಮರಳಿಲ್ಲ. ಪವರ್ಸ್ ಸ್ವತಃ ಕಟ್ಟಿದ್ದನ್ನು ನೋಡಬಯಸುವವರು ಈಗ ವರ್ಮಾಂಟಿನ ಶ್ರೂಸ್‌ಬರಿಗೆ ಹೋಗಬಹುದು. 1880ರಲ್ಲಿ ಅವರು ನಿರ್ಮಿಸಿದ ಬ್ರೌನ್ ಸೇತುವೆ ಅಲ್ಲಿ ಇನ್ನೂ ನಿಂತಿದೆ.